ಹಬೆಯತ್ತೆಯ ಬಾಯ್ಲರ್

ನಮ್ಮತ್ತೆ ಗೆದ್ದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಓದುವವರನ್ನು ತುದಿಗಾಲಲ್ಲಿ ನಿಲ್ಲಿಸಿ ಮಜಾ ನೋಡುವ ಸ್ವಭಾವ ನನ್ನದಲ್ಲ. ಪುರಸಭೆಯನ್ನು ಗೆದ್ದಳು, ಬೀದಿಯನ್ನು ಗೆದ್ದಳು, ತನ್ನದೇ ಲಾಂಡ್ರಿಯ ಹೆಂಗಸರನ್ನು ಗೆದ್ದಳು. ಎಲ್ಲಕ್ಕಿಂತ ಕಷ್ಟದ್ದು ಎದುರುಗಡೆಯ ಬೇಕರಿಯಣ್ಣನನ್ನು ಗೆಲ್ಲುವುದು. ಅದನ್ನೂ ಸಾಧಿಸಿದಳು. ಆದರೆ ಈಗಿನವರು ಆ ಕಥೆಯನ್ನು ತಮಗೆ ಬೇಕಾದ ಹಾಗೆ ಹೇಳುತ್ತಾರೆ. "ಆಯಮ್ಮ ಗಟ್ಟಿಗಿತ್ತಿ, ಯಾರ ಮಾತಿಗೂ ಸೊಪ್ಪು ಹಾಕದೆ ಯಂತ್ರ ತಂದಳು" ಎನ್ನುತ್ತಾರೆ. ಅದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೊದಲೇ ನನಗೆ ಕೋಪ ಮೂಗಿನ ತುದಿಯಲ್ಲಿ. ಆಗ ಅಲ್ಲಿದ್ದು ಕಣ್ಣಾರೆ ಕಂಡವಳು ನಾನು, ಕೈಯಾರೆ ಸುಟ್ಟುಕೊಂಡವಳೂ ನಾನೇ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ನಾನೇ ಹೇಳುವುದು ವಾಸಿ.

ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಅವನ ಲಾಂಡ್ರಿಯನ್ನು ಒಬ್ಬಳೇ ನಡೆಸಿಕೊಂಡು ಬಂದವಳು. ಕುಳ್ಳಗೆ, ದಪ್ಪಗೆ ಇದ್ದಳು. ಅವಳ ದನಿ ಬೀದಿಯ ಆ ಕೊನೆಯಲ್ಲಿ ಕೇಳಿಸಿದರೆ ಈ ಕೊನೆಯಲ್ಲಿ ನಾವು ಕೆಲಸ ಮಾಡುತ್ತಿರುವವರ ಹಾಗೆ ಕಾಣಿಸಿಕೊಳ್ಳುತ್ತಿದ್ದೆವು. ಕೈಗೆ ಸಿಕ್ಕಿದ್ದನ್ನೆಲ್ಲ ಮಡಚುವುದು ಅವಳ ಚಾಳಿ. ಓದಿದ ಪತ್ರಿಕೆ, ಖಾಲಿ ಚೀಲ, ಮಾತನಾಡಲು ಬಂದವರ ಕರವಸ್ತ್ರ, ಯಾವುದನ್ನೂ ಬಿಡುತ್ತಿರಲಿಲ್ಲ. ಮನುಷ್ಯರನ್ನು ಅಳೆಯುತ್ತಿದ್ದದ್ದು ಅವರ ಕಾಲರಿನಿಂದ. "ಆ ಮನುಷ್ಯನಿಗೆ ಏನೋ ಚಿಂತೆ ಹತ್ತಿದೆ, ಕಾಲರ್ ನೋಡು ಹೇಗೆ ಬೆವರಿದೆ" ಎನ್ನುತ್ತಿದ್ದಳು. ಹೆಚ್ಚಿನ ಸಲ ಅದು ನಿಜವೇ ಆಗಿರುತ್ತಿತ್ತು.

ಆಸ್ಪತ್ರೆಯ ಹಾಸಿಗೆ ಬಟ್ಟೆ, ಹೋಟೆಲುಗಳ ಮೇಜಿನ ಬಟ್ಟೆ ನಮ್ಮಲ್ಲಿಗೆ ಬರುತ್ತಿದ್ದವು. ಅಪ್ಪ ಕೈಗಾಡಿಯಲ್ಲಿ ಗಂಟುಗಳನ್ನು ತರುತ್ತಿದ್ದ. ನಾನು ಮುಂದಿನ ಕೋಣೆಯಲ್ಲಿ ಇಸ್ತ್ರಿ ಮೇಜಿನ ಬಳಿ. ಹಿತ್ತಲಿನಲ್ಲಿ ಸಾಲಾಗಿ ಕಲ್ಲಿನ ತೊಟ್ಟಿಗಳು. ಅವುಗಳ ತುಂಬ ಒಗೆಯುವ ಸೋಡಾ ಬೆರೆತ ಬಿಸಿ ನೀರು. ಆರು ಹೆಂಗಸರು ಮೊಣಕೈವರೆಗೆ ಅದರಲ್ಲಿ ಕೈ ಇಟ್ಟು ಬೆಳಗಿನಿಂದ ಸಂಜೆಯವರೆಗೆ ಉಜ್ಜುತ್ತಿದ್ದರು. ಆ ಆರರಲ್ಲಿ ಅಮ್ಮನೂ ಒಬ್ಬಳು.

ಕೈ ಕೆಸರಾದರೆ ಬಾಯಿ ಮೊಸರು ಎಂದು ಗಾದೆ ಕಟ್ಟಿದವರು ಸೋಡಾ ನೀರಿನಲ್ಲಿ ಕೈ ಅದ್ದಿದವರಲ್ಲ. ಅಮ್ಮನ ಬೆರಳುಗಳ ಸಂದಿಯಲ್ಲಿ ಚರ್ಮ ಬಿರಿದು ಕೆಂಪಗೆ ಬಾಯಿ ಬಿಟ್ಟಿರುತ್ತಿತ್ತು. ಎರಡು ಉಗುರುಗಳು ಉದುರಿಹೋಗಿದ್ದವು. ಅಡಿಗೆಗೆ ಉಪ್ಪು ಹಾಕಬೇಕಾದರೆ ಚಮಚ ಹುಡುಕುತ್ತಿದ್ದಳು, ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಿದ್ದಳು. ಒಂದು ದಿನ ಪಕ್ಕದ ಮನೆಯವಳು ತನ್ನ ಎಳೆ ಕೂಸನ್ನು ತಂದು ಅಮ್ಮನ ಕೈಗೆ ಕೊಟ್ಟಳು. ಅಮ್ಮ ಅದರ ಬೆನ್ನು ಸವರಿದಳು. ಆ ಅಂಗೈ ಉಜ್ಜುಗಲ್ಲಿನ ಹಾಗೆ ತರಚಿರಬೇಕು, ಕೂಸು ಕಿಟಾರನೆ ಚೀರಿತು. ಅಮ್ಮ ಅದನ್ನು ತಾಯಿಗೆ ಹಿಂದಿರುಗಿಸಿ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಳು. ಅತ್ತೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದಳು.

ಸ್ವಲ್ಪ ದಿನದಲ್ಲೇ ಪಕ್ಕದ ಊರಿನಲ್ಲಿ ಮುಚ್ಚಿಹೋಗಿದ್ದ ಬಣ್ಣದ ಕಾರ್ಖಾನೆಯಿಂದ ಒಂದು ಹಳೆಯ ಬಾಯ್ಲರನ್ನೂ, ಬಟ್ಟೆ ತಿರುಗಿಸಿ ಒಗೆಯುವ ದೊಡ್ಡ ಡ್ರಮ್ಮನ್ನೂ ಲಾರಿಯಲ್ಲಿ ಹೇರಿಸಿಕೊಂಡು ಬಂದಳು. ತರುವ ಮೊದಲು ಯಾರನ್ನೂ ಕೇಳಲಿಲ್ಲ. ಅಪ್ಪನಿಗೆ ಗೊತ್ತಾದದ್ದು ಲಾರಿ ಬೀದಿಯೊಳಗೆ ತಿರುಗಲಾರದೆ ಸಿಕ್ಕಿಹಾಕಿಕೊಂಡಾಗಲೇ.

ಬೀದಿಯೇ ಹೊರಗೆ ಬಂದು ನಿಂತಿತು. ಮೊದಲು ಬಾಯಿ ತೆಗೆದವಳು ನಮ್ಮ ತೊಟ್ಟಿಯ ಹೆಂಗಸರಲ್ಲಿ ಹಿರಿಯಳಾದ ದೊಡ್ಡಕ್ಕ.

"ಆರು ಜನ ಮಾಡೋ ಕೆಲಸ ಇದೊಂದೇ ಮಾಡಿದ್ರೆ ನಾವೇನ್ ಮಾಡೋದು, ಇದರ ಪಕ್ಕ ನಿಂತು ಗಾಳಿ ಬೀಸೋದಾ?"

"ಯಾರನ್ನೂ ಬಿಡಿಸಲ್ಲ ಕಣೆ" ಎಂದಳು ಅತ್ತೆ.

"ಆಡೋ ಮಾತಿಗೇನು ಸುಂಕ ಇದೆಯಾ? ಹೇಳ್ತೀರಿ, ಹೇಳಿ."

ಅಷ್ಟರಲ್ಲಿ ಎದುರಿನ ಬೇಕರಿಯಣ್ಣ ರಸ್ತೆ ದಾಟಿ ಬಂದ. ಎತ್ತರದ, ಬಡಕಲು ಮನುಷ್ಯ. ರೆಪ್ಪೆಯ ಮೇಲೂ ಹಿಟ್ಟು. ಇರುಳೆಲ್ಲ ಬ್ರೆಡ್ಡು ಸುಟ್ಟು ಹಗಲು ಮಲಗುವವನು, ಲಾರಿಯ ಸದ್ದಿಗೆ ಎದ್ದು ಬಂದಿದ್ದ. ಬಾಯ್ಲರಿನ ಸುತ್ತ ಒಂದು ಸುತ್ತು ಬಂದ, ಆದರೆ ಅದನ್ನು ಮುಟ್ಟಲಿಲ್ಲ.

"ಅಕ್ಕಾ, ಇದು ನಮ್ಮ ಬೀದಿಗೆ ಬೇಡ. ಇದು ಸಿಡಿಯುತ್ತೆ."

"ಮತ್ತೆ ನಿಮ್ಮ ಒಲೆಯಲ್ಲಿ ಉರಿಯೋದೇನು, ಬೆಳದಿಂಗಳಾ?"

ಜನ ಗೊಳ್ಳೆಂದು ನಕ್ಕರು. ಬೇಕರಿಯಣ್ಣ ನಗಲಿಲ್ಲ. "ನನ್ನ ಒಲೆ ನನಗೆ ಗೊತ್ತು ಅಕ್ಕಾ. ಅದು ಕೆಮ್ಮಿದ್ರೆ ಯಾಕೆ ಕೆಮ್ತು ಅಂತ ಹೇಳ್ತೀನಿ. ಇದು ಕೆಮ್ಮಿದ್ರೆ ನಿಮಗೆ ತಿಳಿಯುತ್ತಾ?"

ಅತ್ತೆ ಅವನತ್ತ ಬೆನ್ನು ತಿರುಗಿಸಿ, ಹಗ್ಗ ಬಿಚ್ಚಿ ಎಂದು ಲಾರಿಯವರಿಗೆ ಕೂಗಿದಳು. ನಗು ಅವಳ ಪಾಲಿಗೆ ಬಂದಿತ್ತು, ಬೀದಿಯ ಜಗಳದಲ್ಲಿ ನಗಿಸಿದವರೇ ಗೆದ್ದಂತೆ. ಬೇಕರಿಯಣ್ಣ ಹಿಂದಿರುಗಿ ಹೋದ. ಆ ಪ್ರಶ್ನೆ ಮಾತ್ರ ನಮ್ಮ ಬಾಗಿಲಲ್ಲೇ ಉಳಿಯಿತು. ನಾವು ಅದನ್ನು ದಾಟಿಕೊಂಡು ಓಡಾಡಿದೆವು.

ಬಾಯ್ಲರನ್ನು ಬೀದಿಯ ಕಡೆಯ ಕೊಟ್ಟಿಗೆಯಲ್ಲಿ ಕೂರಿಸಲಾಯಿತು. ಕೂರಿಸಿದ ಮೇಸ್ತ್ರಿ ಅದರ ನೆತ್ತಿಯಲ್ಲಿದ್ದ ಒಂದು ವಾಲ್ವನ್ನು ತೋರಿಸಿದ. ಅದಕ್ಕೊಂದು ಕಬ್ಬಿಣದ ತೋಳು, ತೋಳಿನ ತುದಿಗೆ ಒಂದು ತೂಕದ ಗುಂಡು. "ಒಳಗೆ ಹಬೆ ಮಿತಿ ಮೀರಿದ್ರೆ ಈ ತೋಳು ತಾನಾಗೇ ಮೇಲೆ ಏಳುತ್ತೆ. ಹೆಚ್ಚಿನ ಹಬೆ ಹೊರಗೆ ಹೋಗುತ್ತೆ, ಸಿಳ್ಳೆ ಬೀಳುತ್ತೆ. ಅದರ ಪಾಡಿಗೆ ಅದನ್ನ ಬಿಡಿ" ಎಂದು ಹೇಳಿ ಹೋದ. ಅತ್ತೆ ತಲೆಯಾಡಿಸಿದಳು. ಅವಳ ಕಣ್ಣೆಲ್ಲ ಡ್ರಮ್ಮಿನ ಮೇಲೆ.

ಆ ಡ್ರಮ್ಮು ಮಾಡಿದ ಕೆಲಸವೇ ಕೆಲಸ. ಹಬೆ ನುಗ್ಗಿದೊಡನೆ ಆಸ್ಪತ್ರೆಯ ಬಟ್ಟೆಯ ಕಲೆಗಳು ಹೇಳಹೆಸರಿಲ್ಲದೆ ಹೋಗುತ್ತಿದ್ದವು. ಹೆಂಗಸರು ಬಟ್ಟೆ ತುಂಬಬೇಕು, ತೆಗೆಯಬೇಕು, ಹಿಂಡಬೇಕು, ಹರವಬೇಕು. ಸೋಡಾ ನೀರಿಗೆ ಕೈ ಹಾಕುವ ಹಾಗೇ ಇರಲಿಲ್ಲ. ಅಮ್ಮನ ಬೆರಳ ಸಂದಿಗಳು ಮೆಲ್ಲಗೆ ಕೂಡಿಕೊಂಡವು. ಒಂದು ಬೆಳಿಗ್ಗೆ ಅವಳು ತಾನೇ ಸೂಜಿಗೆ ದಾರ ಪೋಣಿಸಿ, ನನಗೆ ತೋರಿಸಬೇಕೆಂದೇ ಹರಿಯದ ನನ್ನ ರವಿಕೆಗೆ ಒಂದು ಹೊಲಿಗೆ ಹಾಕಿದಳು. ಬೀದಿಯವರು ಅತ್ತೆಯನ್ನು ಹಬೆಯತ್ತೆ ಎಂದು ಕರೆಯತೊಡಗಿದ್ದು ಆಗಲೇ. ಮೊದಲು ಅಣಕಕ್ಕೆ, ಆಮೇಲೆ ರೂಢಿಗೆ.

ತೊಂದರೆ ಬಂದದ್ದು ಸಿಳ್ಳೆಯಿಂದ. ಆಸ್ಪತ್ರೆಯ ಗಂಟುಗಳು ಬರುತ್ತಿದ್ದದ್ದು ನಡು ಹಗಲಿಗೆ. ಆಗ ಉರಿ ಜಾಸ್ತಿ ಮಾಡಬೇಕು, ಉರಿ ಜಾಸ್ತಿಯಾದರೆ ವಾಲ್ವು ಕೂಗಬೇಕು, ಆ ಹೊತ್ತಿಗೆ ಸರಿಯಾಗಿ ಬೇಕರಿಯಣ್ಣನ ಗಾಢ ನಿದ್ದೆ. ಮೊದಲ ಸಲ ಬಂದು ಕೈಮುಗಿದು ಕೇಳಿಕೊಂಡ. ಎರಡನೆಯ ಸಲ ಬಂದಾಗ ಕಣ್ಣು ಕೆಂಡದಂತಾಗಿತ್ತು. ಮೂರನೆಯ ಸಲ, "ಅಕ್ಕಾ, ನಾನು ಪುರಸಭೆಗೆ ಹೋಗ್ತೀನಿ" ಎಂದ.

ಅತ್ತೆಗೆ ಪುರಸಭೆ ಎಂದರೆ ಹೆದರಿಕೆ. ಅನುಮತಿ ಕೇಳದೆ ತಂದ ಯಂತ್ರ. ಜೊತೆಗೆ, ಇದನ್ನೂ ಹೇಳಬೇಕು, ನೆರೆಯವನ ನಿದ್ದೆ ಕೆಡಿಸಿದೆನಲ್ಲ ಎಂಬ ಸಂಕಟವೂ ಅವಳಿಗೆ ಇತ್ತು. ನಮ್ಮ ಲಾಂಡ್ರಿಯಲ್ಲಿ ಎದ್ದು ಹಾರುವ ಯಾವುದಕ್ಕೂ ಒಂದೇ ಮದ್ದು: ಮೇಲೊಂದು ಇಸ್ತ್ರಿ ಪೆಟ್ಟಿಗೆ ಇಡುವುದು. ಗಾಳಿಗೆ ಹಾರುವ ದುಪ್ಪಟಿಗೂ ಅದೇ, ಬಡಿದುಕೊಳ್ಳುವ ಬಾಗಿಲಿಗೂ ಅದೇ, ಕಟ್ಟು ಬಿಚ್ಚುವ ಗಂಟಿಗೂ ಅದೇ. ಅತ್ತೆ ಏಣಿ ಹತ್ತಿ, ಏಳುವ ಆ ಕಬ್ಬಿಣದ ತೋಳಿಗೆ ಒಂದು ಹಳೆಯ ಇಸ್ತ್ರಿ ಪೆಟ್ಟಿಗೆಯನ್ನು ನೇತುಹಾಕಿ ಇಳಿದಳು. ಬೀದಿ ತಣ್ಣಗಾಯಿತು. ಬೇಕರಿಯಣ್ಣ ಬಿಸಿ ಬನ್ನುಗಳನ್ನು ಕಳಿಸಿಕೊಟ್ಟ. ನಾವು ಅವನ್ನು ತಿಂದು ಅತ್ತೆಯ ಉಪಾಯವನ್ನು ಹೊಗಳಿದೆವು.

ನಿಜ ಹೇಳಬೇಕೆಂದರೆ, ಅಷ್ಟು ಸೌಹಾರ್ದದಿಂದ ಯಾವ ಬೀದಿಯೂ ಅಪಾಯವನ್ನು ಕಟ್ಟಿ ಇಟ್ಟುಕೊಂಡಿರಲಾರದು.

ಹೆಂಗಸರೆಲ್ಲ ಊಟಕ್ಕೆ ಒಳಗೆ ಕೂತಿದ್ದ ಹೊತ್ತಿನಲ್ಲಿ ಬಾಯ್ಲರಿನ ಕೊಳವೆಯ ಬೆಸುಗೆ ಬಿಟ್ಟಿತು. ಸದ್ದು ಎಷ್ಟಿತ್ತೆಂದು ನಾನು ಹೇಳಲಾರೆ. ನನ್ನ ಕಿವಿ ಆಮೇಲೆ ಬಹಳ ಹೊತ್ತು ಗುಂಯ್‌ಗುಡುತ್ತಿತ್ತು. ಕೊಟ್ಟಿಗೆಯ ಗೋಡೆ ಬೀದಿಗೆ ಉರುಳಿತು. ನಾನು ಒಣಗಿದ ಬಟ್ಟೆ ತರಲು ಆ ಕಡೆ ಹೋಗಿದ್ದೆ. ಎಡ ಮುಂಗೈಗೆ ಹಬೆ ಹೊಡೆಯಿತು, ಕಣ್ಣ ಮುಂದೆ ಬೆಳ್ಳಗೆ ಮಂಜು, ಬಾಗಿಲು ಎಲ್ಲಿದೆ ಎಂದೇ ತಿಳಿಯಲಿಲ್ಲ. ಆಗ ಯಾರೋ ನುಗ್ಗಿ ಬಂದು ನನ್ನ ಭುಜ ಹಿಡಿದು ಎಳೆದರು. ಬೀದಿಗೆ ಬಂದ ಮೇಲೆ ನೋಡಿದರೆ ಬೇಕರಿಯಣ್ಣ. ಬರಿಗಾಲು. "ತಮ್ಮಾ, ತಮ್ಮಾ" ಎಂದು ಬಡಬಡಿಸುತ್ತಿದ್ದ. ಗಾಬರಿಗೆ ಇವನ ತಲೆ ಕೆಟ್ಟಿದೆ ಎಂದುಕೊಂಡೆ.

ಮಾರನೆಯ ದಿನ ಪುರಸಭೆಯವರು ಬಂದು ಬಾಯ್ಲರಿಗೆ ಸೀಲು ಹಾಕಿದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದು ಅವರ ಪದ್ಧತಿ. ಇಂಥ ಯಂತ್ರವನ್ನು ಊರೊಳಗೆ ಎಂದೆಂದಿಗೂ ಕೂಡದು ಎಂದು ಠರಾವು ಮಾಡಲು ಸಭೆ ಕರೆದಿದ್ದಾರೆ ಎಂಬ ಸುದ್ದಿ ಬಂತು. ಹೆಂಗಸರು ಮತ್ತೆ ತೊಟ್ಟಿಗಿಳಿದರು. ಕೂಡಿಕೊಂಡಿದ್ದ ಅಮ್ಮನ ಬೆರಳ ಸಂದಿಗಳು ಮತ್ತೆ ಬಿರಿದವು. ಈ ಸಲ ನೋವು ಹೆಚ್ಚು. ಗುಣವಾದ ಸುಖ ಏನೆಂದು ಆ ಕೈಗೆ ಗೊತ್ತಾಗಿತ್ತಲ್ಲ.

ಸಭೆಯ ಹಿಂದಿನ ಸಂಜೆ ಎಲ್ಲರೂ ಇಸ್ತ್ರಿ ಮೇಜಿನ ಸುತ್ತ ಕೂತಿದ್ದೆವು. "ಹಳೇ ಕಬ್ಬಿಣ, ಬೆಸುಗೆ ಬಿಡ್ತು ಅಂತ ಹೇಳಿಬಿಡಕ್ಕ. ಮಾರಿದವನು ಮೋಸ ಮಾಡಿದ ಅನ್ನು" ಎಂದ ಅಪ್ಪ.

ನನಗೆ ಮುಂಗೈ ಉರಿಯುತ್ತಿತ್ತು, ಬಾಯಿಯೂ. "ಬೇಕರಿಯಣ್ಣನ ಹೆಸರು ಹೇಳತ್ತೆ. ಸದ್ದು ನಿಲ್ಲಿಸಿ ಅಂತ ಪ್ರಾಣ ತಿಂದಿದ್ದು ಅವನೇ ತಾನೆ?" ಎಂದೆ. ನನ್ನನ್ನು ಹಬೆಯಿಂದ ಎಳೆದು ತಂದವನ ಮೇಲೇ ನನಗೆ ಅಷ್ಟು ಸಿಟ್ಟು.

ಅತ್ತೆ ಒಂದು ಟವೆಲನ್ನು ಮಡಚುತ್ತಿದ್ದಳು, ಬಿಡಿಸುತ್ತಿದ್ದಳು, ಮತ್ತೆ ಮಡಚುತ್ತಿದ್ದಳು. ಅಮ್ಮನ ಬೆರಳುಗಳನ್ನು ತೋರಿಸಿ, "ಇವಳ ಕೈ ನೋಡು. ನಾಳೆ ಏನಾದ್ರೂ ಹೇಳಿ ಆ ಬೆಂಕಿ ಹೊತ್ತಿಸಲೇಬೇಕು" ಎಂದಳು.

ಅಮ್ಮ ಅತ್ತೆಯ ಎದುರು ಸಾಮಾನ್ಯವಾಗಿ ಮಾತಾಡುವವಳಲ್ಲ. ಅಂದು ಮಾತಾಡಿದಳು. "ನನ್ನ ಕೈ ತೋರಿಸ್ಕೊಂಡು ಸುಳ್ಳು ಹೇಳ್ಬೇಡಿ ಅತ್ತಿಗೆ. ಸುಳ್ಳು ಹೇಳಿ ಹೊತ್ತಿಸಿದ್ರೆ ಆ ಯಂತ್ರದ ಪಕ್ಕ ನಾನು ನಿಲ್ಲಲ್ಲ. ನನ್ನ ಮಗಳನ್ನೂ ನಿಲ್ಲಿಸಲ್ಲ."

ಟವೆಲು ಅತ್ತೆಯ ಕೈಯಲ್ಲಿ ಅರ್ಧಕ್ಕೇ ನಿಂತಿತು. ಅವಳು ಅಂಥ ಕೆಲಸವನ್ನು ಅರ್ಧಕ್ಕೆ ಬಿಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಪುರಸಭೆಯ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಜಿನ ಹಿಂದೆ ಅಧ್ಯಕ್ಷರು, ಸದಸ್ಯರು. ಒಂದು ಬದಿಗೆ ಬಾಯ್ಲರುಗಳನ್ನು ಪರೀಕ್ಷೆ ಮಾಡುವ ಸರ್ಕಾರಿ ಇನ್ಸ್‌ಪೆಕ್ಟರು. ಬಿಳಿ ಮೀಸೆಯ, ಕಡಿಮೆ ಮಾತಿನ ಮನುಷ್ಯ. ಮೊದಲು ಬೇಕರಿಯಣ್ಣನನ್ನು ಕರೆದರು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನನಗೊಬ್ಬ ತಮ್ಮ ಇದ್ದ. ಗಿರಣಿಯಲ್ಲಿ ಬಾಯ್ಲರಿಗೆ ಸೌದೆ ಹಾಕ್ತಿದ್ದ. ಅದು ಸಿಡೀತು. ಮನೆಗೆ ತಂದಾಗ ನಮ್ಮಮ್ಮನಿಗೆ ಅವನ ಗುರುತು ಸಿಗಲಿಲ್ಲ. ಅಷ್ಟೇ ಸ್ವಾಮಿ, ನಾನು ಹೇಳೋದು."

ತಮ್ಮಾ ಎಂದು ಅವನು ಅಂದು ಕರೆದದ್ದು ಯಾರನ್ನು ಎಂದು ನನಗೆ ಆಗ ತಿಳಿಯಿತು. ನಾಚಿಕೆಯಿಂದ ಕತ್ತು ತಗ್ಗಿಸಿದೆ. ಇಷ್ಟು ವರ್ಷ ಎದುರು ಬದುರು ಇದ್ದೂ ನಮ್ಮಲ್ಲಿ ಒಬ್ಬರಾದರೂ, ನಿನಗೆ ಯಾಕಪ್ಪ ಅಷ್ಟು ಹೆದರಿಕೆ ಎಂದು ಅವನನ್ನು ಕೇಳಿರಲಿಲ್ಲ. ಹೊಸದು ಬೇಡ ಎನ್ನುವವನನ್ನು ದಡ್ಡ ಎಂದುಬಿಟ್ಟರೆ ಕೇಳುವ ತಾಪತ್ರಯವೇ ಇಲ್ಲ ನೋಡಿ.

ಅತ್ತೆಯ ಸರದಿ ಬಂತು. ಅವಳು ಚೀಲದಿಂದ ಇಸ್ತ್ರಿ ಪೆಟ್ಟಿಗೆ ತೆಗೆದು ಅಧ್ಯಕ್ಷರ ಮೇಜಿನ ಮೇಲೆ ಧಡ್ಡೆಂದು ಇಟ್ಟಳು. ಮಸಿಕುಡಿಕೆ ಕುಣಿಯಿತು.

"ಯಂತ್ರ ತಾನಾಗಿ ಸಿಡೀಲಿಲ್ಲ. ಒಳಗೆ ಜಾಸ್ತಿ ಆಗ್ತಿದೆ, ಬಿಡಿ ಅಂತ ಅದು ದಿನಾ ಕೂಗಿ ಹೇಳ್ತಿತ್ತು. ನಾನು ಇದನ್ನ ನೇತುಹಾಕಿ ಅದರ ಬಾಯಿ ಮುಚ್ಚಿಸಿದೆ. ತಪ್ಪು ಕಬ್ಬಿಣದ್ದಲ್ಲ. ನಂದು."

ಅಪ್ಪ ತಲೆಯ ಮೇಲೆ ಕೈ ಹೊತ್ತುಕೊಂಡ. ಬೇಕರಿಯಣ್ಣನ ಮುಖ ಅವನ ಹಿಟ್ಟಿಗಿಂತ ಬೆಳ್ಳಗಾಯಿತು. ಆ ಸಿಳ್ಳೆ ಏನೆಂದು ಅವನಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. "ಅಕ್ಕಾ, ಅದನ್ನ ನಿಲ್ಲಿಸಿ ಅಂದವನು ನಾನಲ್ವಾ" ಎಂದ, ಕಷ್ಟಪಟ್ಟು ಕೇಳಿಸುವಷ್ಟು ಮೆಲ್ಲಗೆ.

"ನೀವು ನಿದ್ದೆ ಕೇಳಿದ್ರಿ. ಅದು ನ್ಯಾಯವೇ. ನಾನು ನಿಮಗೆ ಸಿಳ್ಳೆ ಯಾಕೆ ಅಂತ ಹೇಳ್ಬೇಕಿತ್ತು. ನನಗೇ ಸರಿಯಾಗಿ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂತ ಒಪ್ಪಿಕೊಳ್ಳೋಕೆ ಬಾಯಿ ಬರಲಿಲ್ಲ."

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಹಾಗಾದ್ರೆ ಮುಚ್ಚೋದಕ್ಕೆ ನಿಮ್ಮ ಒಪ್ಪಿಗೆ ಇದೆ ಅಂತಾಯ್ತು" ಎಂದರು.

"ಇಲ್ಲ ಸ್ವಾಮಿ. ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋಕೆ ನಾನು ಒಪ್ಪಲ್ಲ. ನನಗೆ ಕಾಯಿದೆ ಬೇಕು. ಗಟ್ಟಿಯಾದ ಕಾಯಿದೆ. ಆ ವಾಲ್ವಿನ ಸುತ್ತ ಕಬ್ಬಿಣದ ಪಂಜರ ಹಾಕಿಸಿ. ಪಂಜರಕ್ಕೆ ಬೀಗ ಹಾಕಿಸಿ. ಬೀಗದ ಕೈ ನನ್ನ ಹತ್ರ ಬೇಡ, ನಾನು ಯಾವಾಗ ಬುದ್ಧಿವಂತೆ ಆಗಿಬಿಡ್ತೀನೋ ಹೇಳೋಕಾಗಲ್ಲ. ಅದನ್ನ ಬೇಕರಿಯಣ್ಣನಿಗೆ ಕೊಡಿ. ಅವರಿಗೆ ಅನುಮಾನ ಬಂದ ದಿನ ಬೆಂಕಿ ಆರಿಸೋ ಅಧಿಕಾರಾನೂ ಕೊಡಿ."

ಸದಸ್ಯರೊಬ್ಬರು ನಕ್ಕರು. "ಬ್ರೆಡ್ಡು ಸುಡೋವ್ರಿಗೆ ಬಾಯ್ಲರ್ ವಿಷಯ ಏನ್ ಗೊತ್ತಮ್ಮ?"

"ಹೆದರೋದು ಗೊತ್ತು ಸ್ವಾಮಿ. ನನಗೆ ಅದು ಮರೆತುಹೋಗಿತ್ತು."

ಇನ್ಸ್‌ಪೆಕ್ಟರು ಎದ್ದು, ಪಂಜರ, ಬೀಗ ಒಳ್ಳೆಯ ಯೋಚನೆ ಎಂದರು. ಅದರ ಜೊತೆಗೆ ವರ್ಷಕ್ಕೊಂದು ಸಲ ತಣ್ಣೀರು ತುಂಬಿ ಎರಡು ಪಟ್ಟು ಒತ್ತಡದ ಪರೀಕ್ಷೆ ಆಗಬೇಕು, ಬೆಂಕಿ ನೋಡಿಕೊಳ್ಳುವವರು ತರಬೇತಿ ಪಡೆದವರಾಗಿರಬೇಕು ಎಂದರು. ಅತ್ತೆ ಪ್ರತಿಯೊಂದಕ್ಕೂ "ಹಾಕಿ, ಹಾಕಿ" ಎನ್ನುತ್ತಿದ್ದಳು, ಹೆಚ್ಚು ಬಡಿಸಿಕೊಳ್ಳುವವರ ಹಾಗೆ. ಆಗ ಹಿಂದಿನ ಸಾಲಿನಿಂದ ದೊಡ್ಡಕ್ಕನ ದನಿ ಬಂತು.

"ತೊಟ್ಟಿಯಲ್ಲಿ ದುಡಿದ ಯಾರನ್ನೂ ಯಂತ್ರದ ನೆಪ ಹೇಳಿ ಬಿಡಿಸೋ ಹಾಗಿಲ್ಲ. ಅದನ್ನೂ ಸೇರಿಸಿ. ಆಡೋ ಮಾತಿಗೆ ಸುಂಕ ಇಲ್ಲ, ಬರೆದಿದ್ದಕ್ಕೆ ಇರುತ್ತೆ."

"ಸೇರಿಸಿ" ಎಂದಳು ಅತ್ತೆ. "ಬೆಂಕಿ ನೋಡಿಕೊಳ್ಳೋ ತರಬೇತಿಗೆ ಅವಳನ್ನೇ ಕಳಿಸ್ತೀನಿ ಅಂತಾನೂ ಸೇರಿಸಿ." ದೊಡ್ಡಕ್ಕ ಬಾಯಿ ತೆರೆದವಳು ಹಾಗೇ ಕೂತಳು. ಅವಳ ಬಾಯಿ ಮುಚ್ಚಿಸಿದ ಕೀರ್ತಿ ಊರಿನಲ್ಲಿ ಬೇರೆ ಯಾರಿಗೂ ಇಲ್ಲ.

ಅಧ್ಯಕ್ಷರು ಬೇಕರಿಯಣ್ಣನ ಕಡೆ ತಿರುಗಿದರು. ಅವನು ಟೋಪಿಯನ್ನು ತಿರುಗಿಸುತ್ತಾ ನಿಂತಿದ್ದ. "ನಾನು ಈಗಲೇ ಹೂಂ ಅನ್ನಲ್ಲ. ರಿಪೇರಿ ಆಗಲಿ, ಪರೀಕ್ಷೆ ಆಗಲಿ. ಪಕ್ಕದಲ್ಲೇ ನಿಂತು ನೋಡ್ತೀನಿ. ನನ್ನ ಮನಸ್ಸು ಒಪ್ಪದಿದ್ರೆ ಮುಚ್ಚಿ." ಸಭೆ ಅದನ್ನೇ ತೀರ್ಮಾನ ಮಾಡಿತು. ಇಡೀ ಲಾಂಡ್ರಿ, ಆರು ಜನರ ಹನ್ನೆರಡು ಕೈ, ಎಲ್ಲ ಅವನ ಒಂದು ಹೂಂಗೆ ಕಾದು ನಿಂತವು.

ಬೆಸುಗೆ ಹಾಕಿಸಿ, ಬಿದ್ದ ಗೋಡೆ ಕಟ್ಟಿಸಿ, ವಾಲ್ವಿಗೆ ಪಂಜರ ಕೂರಿಸಿದ್ದಾಯಿತು, ದೊಡ್ಡಕ್ಕನೂ ತರಬೇತಿ ಮುಗಿಸಿ ಬಂದಳು. ಪರೀಕ್ಷೆಯ ದಿನ ಬೀದಿಯಲ್ಲಿ ಗಾಡಿ ಓಡಲಿಲ್ಲ. ಇನ್ಸ್‌ಪೆಕ್ಟರು ಪರೀಕ್ಷೆಯ ಮಟ್ಟಿಗೆ ವಾಲ್ವೂ ಸೇರಿದಂತೆ ಎಲ್ಲ ಬಾಯಿಗಳನ್ನೂ ಬಿಗಿಸಿ ಬಾಯ್ಲರಿನ ತುಂಬ ಬಾವಿಯ ನೀರು ತುಂಬಿಸಿದರು. "ನೀರು ಹಬೆಯ ಹಾಗೆ ಹಿಗ್ಗಿ ಸಿಡಿಯಲ್ಲ. ಕಬ್ಬಿಣ ಸೋತರೆ ನಮ್ಮ ಕಾಲು ನೆನೆಯುತ್ತೆ, ಅಷ್ಟೇ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಈ ಮಾತನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು! ದೊಡ್ಡಕ್ಕ ಕೈಪಂಪು ಒತ್ತತೊಡಗಿದಳು. ಗಡಿಯಾರದಂಥ ತಟ್ಟೆಯ ಮೇಲೆ ಮುಳ್ಳು ಏರಿತು. ದಿನದ ಕೆಲಸದ ಗೆರೆ ದಾಟಿತು. ಮತ್ತೆ ಏರಿತು. ದೊಡ್ಡಕ್ಕನ ಕತ್ತಿನ ನರ ಉಬ್ಬಿದವು. ಮುಳ್ಳು ಎರಡು ಪಟ್ಟಿನ ಗೆರೆಗೆ ಬಂದು ನಿಂತಿತು.

ಆಗ ಯಾರೋ, "ನೀರು, ನೀರು ಬರ್ತಿದೆ" ಎಂದರು.

ಹೌದು. ಬಾಯ್ಲರಿನ ಹೊಟ್ಟೆಯ ಮೇಲೆ ಹನಿಗಳು. ಜನ ಹಿಂದಕ್ಕೆ ಸರಿದರು. ಅತ್ತೆ ಅಮ್ಮನ ಕೈ ಹಿಡಿದುಕೊಂಡಳು. ನೋವಾಗುತ್ತದೆ ಎಂಬುದನ್ನೂ ಮರೆತು ಬಿಗಿಯಾಗಿ ಹಿಡಿದಳು. ಇನ್ಸ್‌ಪೆಕ್ಟರು ಬಾಗಿ ನೋಡಿದರು, ಬೇಕರಿಯಣ್ಣನಿಗೆ ದಾರಿ ಬಿಟ್ಟರು. ನೋಡಬೇಕೆಂದವನು ಅವನೇ ತಾನೆ.

ಬೇಕರಿಯಣ್ಣ ಮುಂದೆ ಹೋದ. ಲಾರಿಯಲ್ಲಿ ಬಂದ ದಿನ ಮುಟ್ಟದೆ ಸುತ್ತು ಹೊಡೆದವನು ಈಗ ಎರಡೂ ಅಂಗೈಗಳನ್ನು ಅದರ ಮೇಲಿಟ್ಟ. ಸೊಂಟದ ಬಟ್ಟೆ ಬಿಚ್ಚಿ ಹನಿಗಳನ್ನು ಒರೆಸಿದ. ಕಾದ. ಹನಿಗಳು ಮತ್ತೆ ಮೂಡಿದವು, ಬೆಸುಗೆಯ ಬಳಿಯಲ್ಲಿ ಮಾತ್ರವಲ್ಲ, ಎಲ್ಲ ಕಡೆ ಒಂದೇ ಸಮ. ಅವನು ಇನ್ನೊಮ್ಮೆ ಒರೆಸಿ, ಬೆಸುಗೆಯ ಉದ್ದಕ್ಕೂ ಬೆರಳೆಳೆದು, ಮತ್ತೆ ಕಾದ.

"ಸೋರ್ತಿಲ್ಲ" ಎಂದ ಕೊನೆಗೆ. "ಬೆವರ್ತಿದೆ. ಬಾವಿ ನೀರು ತಣ್ಣಗಿದೆ, ಹೊರಗೆ ಸೆಕೆ. ನನ್ನ ಹಾಲಿನ ಕ್ಯಾನೂ ಹೀಗೇ ಬೆವರುತ್ತೆ." ಇನ್ಸ್‌ಪೆಕ್ಟರು ನಕ್ಕು ತಲೆಯಾಡಿಸಿದರು. ಮುಳ್ಳು ಎಳ್ಳಷ್ಟೂ ಇಳಿದಿರಲಿಲ್ಲ.

ಬೇಕರಿಯಣ್ಣ ಅತ್ತೆಯ ಕಡೆ ತಿರುಗಿ ಕೈ ಚಾಚಿದ. "ಹೂಂ ಅಕ್ಕಾ. ಬೀಗದ ಕೈ ಕೊಡಿ."

ಬೀದಿ ಹೇಗೆ ಕೂಗಿತು ಅಂತೀರಿ! ಅಪ್ಪ ಖಾಲಿ ಕೈಗಾಡಿಯನ್ನು ಗಡಗಡ ಓಡಿಸಿಕೊಂಡು ಬೀದಿಯ ಕೊನೆಯವರೆಗೂ ಹೋಗಿ ಬಂದ, ಯಾಕೆಂದು ಅವನಿಗೂ ಗೊತ್ತಿಲ್ಲ. ಅತ್ತೆ ಮಾತ್ರ ಅಳುತ್ತಿದ್ದಳು, ಅಳುತ್ತಲೇ ಬೇಕರಿಯಣ್ಣನ ಒದ್ದೆ ಬಟ್ಟೆಯನ್ನು ಕಿತ್ತುಕೊಂಡು ಮಡಚುತ್ತಿದ್ದಳು. ಇನ್ಸ್‌ಪೆಕ್ಟರು ಹೊರಡುವ ಮೊದಲು, ಉರಿ ಯಾವ ಹೊತ್ತಿಗೆ ಹೆಚ್ಚು ಮಾಡುತ್ತೀರಿ, ನೀವು ಮಲಗುವುದು ಯಾವಾಗ ಎಂದು ಇಬ್ಬರನ್ನೂ ಕೇಳಿದರು. ಆಸ್ಪತ್ರೆಯ ಗಂಟುಗಳನ್ನು ಬೇಕರಿಯಣ್ಣ ಮಲಗುವ ಮುಂಚೆ, ಬೆಳಿಗ್ಗೆಯೇ ತರಿಸಿಕೊಂಡರೆ ಮುಗಿಯುತ್ತಿತ್ತು. ಇಷ್ಟು ಸಣ್ಣ ಮಾತು ನಮ್ಮ ಎರಡೂ ಮನೆಗಳಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅಂದೇ ಬೆಂಕಿ ಹೊತ್ತಿತು. ಮೊದಲ ಡ್ರಮ್ಮಿನ ಬಟ್ಟೆ ಹೊರಗೆ ಬಂದು ಹಗ್ಗದ ಮೇಲೆ ಬಿದ್ದಾಗ ಅಮ್ಮ ಹಿತ್ತಲಿನಲ್ಲಿ ತೊಟ್ಟಿಗಳ ಮುಂದೆ ನಿಂತಿದ್ದಳು.

"ಅತ್ತಿಗೆ, ಇವನ್ನ ಏನ್ ಮಾಡ್ತೀರಿ?"

"ಇರಲಿ ಬಿಡು, ನಾಳೆ ಮತ್ತೆ ಬೆಂಕಿ ಆರಿಸಿದ್ರೆ ಬೇಕಾಗುತ್ತೆ" ಎಂದಳು ದೊಡ್ಡಕ್ಕ, ಪಂಪು ಒತ್ತಿದ ತೋಳು ನೀವಿಕೊಳ್ಳುತ್ತಾ.

ಅಮ್ಮ ಒಳಗೆ ಹೋಗಿ ಗೋಡೆ ಕಟ್ಟುವವರು ಬಿಟ್ಟುಹೋಗಿದ್ದ ದೊಡ್ಡ ಸುತ್ತಿಗೆಯನ್ನು ಎಳೆದುಕೊಂಡು ಬಂದಳು. ಬಿರಿದ ಬೆರಳುಗಳಿಗೆ ಹಳೆಯ ದಿಂಬಿನ ಚೀಲ ಸುತ್ತಿಕೊಂಡಳು. ಅತ್ತೆ ತಡೆಯಲು ಹೋದವಳು, ಅಮ್ಮನ ಮುಖ ನೋಡಿ ಪಕ್ಕಕ್ಕೆ ನಿಂತಳು. ಮೊದಲ ಏಟಿಗೆ ಕಲ್ಲು ಜಗ್ಗಲಿಲ್ಲ. ಮೂರನೆಯ ಏಟಿಗೆ ಅಮ್ಮನ ತೊಟ್ಟಿ ಉದ್ದಕ್ಕೂ ಸೀಳಿತು, ಅಡಿಯಲ್ಲಿ ಉಳಿದಿದ್ದ ಸೋಡಾ ನೀರು ಮಣ್ಣಿಗೆ ಹರಿಯಿತು. ಆಮೇಲೆ ದೊಡ್ಡಕ್ಕನೇ ಸುತ್ತಿಗೆ ಕಸಿದುಕೊಂಡಳು, ಒಬ್ಬರಾದ ಮೇಲೆ ಒಬ್ಬರು ತಮ್ಮತಮ್ಮ ತೊಟ್ಟಿಯನ್ನು ತಾವೇ ಒಡೆದರು. ಅವರ ನಗುವಿಗೆ ಪಕ್ಕದ ಮನೆಯ ಕೂಸು ಎದ್ದು ಅತ್ತಿತು, ಆದರೂ ಯಾರೂ ನಗು ನಿಲ್ಲಿಸಲಿಲ್ಲ.

ಕೈಯ ಬಟ್ಟೆ ಬಿಚ್ಚಿದಾಗ ಅಮ್ಮನ ಬಲ ಅಂಗೈಯಲ್ಲಿ ನೆಲ್ಲಿಕಾಯಿ ಗಾತ್ರದ ಬೊಬ್ಬೆ ಎದ್ದಿತ್ತು. ಮುಲಾಮು ಹಚ್ಚುತ್ತೇನೆಂದರೆ ಹಚ್ಚಲು ಬಿಡಲಿಲ್ಲ. ಎಷ್ಟೋ ವರ್ಷ ಕೈ ಬಚ್ಚಿಟ್ಟುಕೊಂಡು ತಿರುಗಿದವಳು, ಬೊಬ್ಬೆ ಮಾಯುವವರೆಗೂ ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಅಂಗೈ ಚಾಚಿ, "ಇದು ಸೋಡಾದ್ದಲ್ಲ, ಸುತ್ತಿಗೇದು" ಎಂದು ಹೇಳಿಕೊಂಡು ಬಂದಳು.